ಶನಿವಾರದ ಸಂಘ

ಫ್ರೆಂಚ್ ಸಾಸುಗಳಿಗೆ ತಾಯಂದಿರು ಐದು ಅಂತ
ಬಾಯಿಪಾಠ ಮಾಡಿಸಿ
ಶೆಫ್ ಸರ್ ಬೈಕು ಗೇಟು ದಾಟಿತೆಂದರೆ
ನಮ್ಮ ರೊಟ್ಟಿ ಸಂಘ ಶುರು.

ಅಧ್ಯಕ್ಷೆ ಹುಲಿಗೆಮ್ಮ, ಪಾತ್ರೆ ತೊಳೆಯುವಾಕಿ.
ರಿಜಿಸ್ಟರಿನಲ್ಲಿ ಮಾತ್ರ ನಾನು:
ವಿದ್ಯಾರ್ಥಿಯಲ್ಲದವರು ಅಧ್ಯಕ್ಷರಾಗುವಂತಿಲ್ಲ ಎಂದು
ಪ್ರಿನ್ಸಿಪಾಲರ ಕೆಂಪು ಶಾಯಿ.

ರಾಯಚೂರಿನ ಮೇ ತಿಂಗಳು,
ಒಲೆಗೂ ಕಿಟಕಿಗೂ ಪೈಪೋಟಿ.
ಅಮರೇಗೌಡ ಎಸರಿಗೆ ಥರ್ಮಾಮೀಟರ್ ಇಳಿಬಿಟ್ಟು
ಕಣ್ಣು ಕಿರಿದು ಮಾಡುತ್ತಾನೆ.
ಆಕಿ ಬೆನ್ನು ಮಾಡಿಕೊಂಡೇ, ಬರೀ ಸಪ್ಪಳ ಕೇಳಿ,
'ಹಾಕಪ್ಪ ಈಗ ಹಿಟ್ಟಿಗೆ' ಅಂತಾಳೆ.

ಶೆಫಾಲಿ ಮಂಡಲ್, ಸಿಂಧನೂರಿನ ಕ್ಯಾಂಪಿನವಳು,
ಅನ್ನ ಮೀನಿನ ಮನೆ,
ಜೋಳದ ಹಿಟ್ಟು ಮುಟ್ಟಿದ್ದು ಇಲ್ಲೇ ಮೊದಲು.
ಅವಳು ಬಡಿದ ರೊಟ್ಟಿ ಅಂಚು ಸೀಳಿ
ಯಾವುದೋ ದೇಶದ ನಕಾಶೆಯಾಯಿತು.
ಮೌಲಾಸಾಬ ಮೊದಲು ನಕ್ಕ, ಆಮೇಲೆ ನಾವೆಲ್ಲ.
'ನಮ್ಮಜ್ಜ ರಾತ್ರಿ ದಾಟಿದ ಹೊಳೆ
ಇಷ್ಟೇ ಸಣ್ಣದಿತ್ತಂತೆ' ಎನ್ನುತ್ತ ಅವಳು
ಬಿರುಕಿನುದ್ದಕ್ಕೂ ಕಿರುಬೆರಳಾಡಿಸಿದಳು.

ಹುಲಿಗೆಮ್ಮ ಏನೂ ಅನ್ನಲಿಲ್ಲ.
ಆ ರೊಟ್ಟಿಯನ್ನೇ ಅಂಗೈ ಮೇಲೆ ತಗೊಂಡು ಹೆಂಚಿಗೆ ಒಗೆದು
ಒದ್ದೆ ಅರಿವೆಯಿಂದ ಸವರಿದಳು,
ಅಂಚಿಂದ ಅಂಚಿಗೆ,
ಹೊಳೆ ಬಿಡದ ಹಾಗೆ.
ಒಂದು ಕಡೆ ಉಬ್ಬಿತು. ಸೀಳಿದ ಕಡೆ ಉಸಿರು ಬಿಟ್ಟಿತು.
ಗುರೆಳ್ಳು ಪುಡಿ, ಎಣ್ಣೆಗಾಯಿ,
ಐದು ಜನಕ್ಕೆ ಹರಿದು ಕೊಟ್ಟಳು.
ಮೌಲಾಸಾಬ ಬಾಯಿ ತುಂಬ ಇಟ್ಟುಕೊಂಡೇ
ಇನ್ನೊಂದು ಬಡಿ ಎಂದ ಶೆಫಾಲಿಗೆ.

ಸೋಮವಾರ ನಡಾವಳಿ ಪುಸ್ತಕ ಒಪ್ಪಿಸಿದೆ.
ಹಾಜರಿ ಐದು. ಚರ್ಚೆ ಇಲ್ಲ. ಖರ್ಚು ಎರಡು ಸೇರು ಹಿಟ್ಟು.
ಅಧ್ಯಕ್ಷರ ಸಹಿಯ ಜಾಗದಲ್ಲಿ
ಬಿಳಿ ಬೆರಳಚ್ಚು.
ಇದು ಯಾರದು ಅಂತ ಕೇಳಿದರು ಪ್ರಿನ್ಸಿಪಾಲರು.

ಜೊತೆಗೆ ಕಳಿಸಿದ್ದ ಡಬ್ಬಿ
ಮಧ್ಯಾಹ್ನದೊಳಗೆ ವಾಪಸು ಬಂತು,
ತೊಳೆದು, ಒರೆಸಿ.