ನಾಲ್ಕು ಮೀಟರ್ ಎಪ್ಪತ್ತು

ಅಣ್ಣ ತನ್ನ ಪಾಲು ಮಾರಿದ. ತಪ್ಪೆನ್ನಲಾರೆ.
ಕಡಲು ಕಾಣುವ ಕಿಟಕಿಗೆ ಲಿಸ್ಬನ್ನಿನವರು ಕೊಡುವ ದುಡ್ಡನ್ನು
ನಮ್ಮ ಬಳ್ಳಿ ಮೂರು ತಲೆಮಾರು ಹಣ್ಣು ಬಿಟ್ಟರೂ ಕೊಡದು.
ಜೊಂಡಿನ ತಟ್ಟಿಯ ಈಚೆ ನಿಂತು ನೋಡುತ್ತಿದ್ದೆ:
ಯಂತ್ರ ಬಗೆದು ಬಗೆದು ಪಕ್ಕಕ್ಕೆ ಸುರಿದ ಮರಳು
ಮತ್ತೆ ಜಾರಿ ಗುಂಡಿಗೇ ಇಳಿಯುತ್ತಿತ್ತು.
ಕೊಲಾರೆಶ್ ಮರಳಿಗೆ ಮಾತು ಕೇಳಿ ರೂಢಿಯಿಲ್ಲ.

ಅಜ್ಜ ಬೆಲ್ಮೀರೊ ಕೂಲಿಗೆ ಅಗೆಯುವಾಗ
ತಲೆಗೆ ಬುಟ್ಟಿ ಕವುಚಿಕೊಂಡು ಇಳಿಯುತ್ತಿದ್ದ.
ಬಿಸಿಲಿಗಲ್ಲ. ಗುಂಡಿಯ ಗೋಡೆ ಕುಸಿದರೆ
ಬುಟ್ಟಿಯೊಳಗೆ ಉಳಿದ ಬೊಗಸೆ ಗಾಳಿಯಲ್ಲೇ,
ಮೇಲಿನವರು ಬಗೆದು ತೆಗೆಯುವ ತನಕ,
ಉಸಿರು ಸಂಸಾರ ನಡೆಸಬೇಕು.
ಎರಡಾಳು ಆಳ, ಅದೂ ಸಾಲದೆ ಇನ್ನಷ್ಟು,
ಗುದ್ದಲಿಗೆ ಜೇಡಿ ಅಂಟುವ ತನಕ.
ಅಲ್ಲಿ, ಆ ತಣ್ಣನೆಯ ಕತ್ತಲಲ್ಲಿ ಕಡ್ಡಿ ನೆಟ್ಟು
ಬಳ್ಳಿ ಏರಿದಷ್ಟೇ ಮರಳು ತುಂಬುತ್ತ ಬರುವುದು.
ಅದು ನೆಲದ ಮೇಲೆ ಮುಖ ತೋರುವ ಹೊತ್ತಿಗೆ
ನೆಟ್ಟ ವರ್ಷ ಹುಟ್ಟಿದ ಕೂಸು ಶಾಲೆಗೆ ಹೊರಟಿರುತ್ತದೆ.

ಮರಳು ಹಿಂಡಿದರೆ ಎಣ್ಣೆ ಬಾರದು, ಒಪ್ಪಿದೆ.
ಹಿಂಡಿದವರು ಯಾರು? ನಾವು ಅದರ ಕೆಳಗೆ ಹೋದೆವು.

ಅಜ್ಜನ ಅಜ್ಜನ ಕಾಲದಲ್ಲಿ ಬೇರು ಹೀರುವ ಹೇನು ಬಂದು
ಬೆಟ್ಟದಾಚೆಯ ಒಳ್ಳೆಯ ನೆಲದ ತೋಟಗಳೆಲ್ಲ ಸೌದೆಯಾದವಂತೆ.
ಇಲ್ಲಿಗೂ ಬಂತು. ಮರಳಲ್ಲಿ ದಾರಿ ಕೊರೆದರೆ
ದಾರಿ ನಿಲ್ಲಬೇಕಲ್ಲ?
ಹೋಯಿತು.
ಬಡ ನೆಲ ಒಮ್ಮೊಮ್ಮೆ ಹೀಗೂ ಕಾಯುತ್ತದೆ.

ಗಾಳಿ ಬಂದಾಗ ತೂರಿಕೋ ಎನ್ನುವವರು
ಒಂದು ಜುಲೈ ಇಲ್ಲಿ ಕಳೆಯಲಿ.
ಬಡಗಣ ಗಾಳಿ ಮಧ್ಯಾಹ್ನ ಎದ್ದರೆ
ನಾಯಿಯ ಕಿವಿ ಮಗುಚುತ್ತದೆ,
ಒಣಗಿದ ಬಟ್ಟೆ ಮಡಚಿದರೆ ಕರಕರ ಉಪ್ಪು.
ಅದಕ್ಕೇ ನಮ್ಮ ಬಳ್ಳಿ ಚಪ್ಪರ ಕಂಡದ್ದಿಲ್ಲ,
ಹಾವಿನ ಹಾಗೆ ಹೊಟ್ಟೆಯ ಮೇಲೇ ಬದುಕು.
ಆಗಸ್ಟಿನಲ್ಲಿ ಮರಳು ಕಾದ ಹೆಂಚಾದಾಗ
ಗೊಂಚಲಿಗೊಂದು ಗೇಣುದ್ದದ ಊರುಗೋಲು ಕೊಡುತ್ತ
ಮಂಡಿಯಲ್ಲೇ ಸಾಲು ಮುಗಿಸುತ್ತೇನೆ,
ಕಾಯಿಲೆಯವರನ್ನು ಎತ್ತಿ ದಿಂಬಿಗೆ ಒರಗಿಸಿದ ಹಾಗೆ.
ಸಂಜೆಗೆ ಸಿಂತ್ರಾ ಬೆಟ್ಟದಿಂದ ಮಂಜು ಇಳಿದು
ಹಣ್ಣಿಗೆ ಹಣ್ಣಾಗುವುದೇ ಮರೆತುಹೋಗುತ್ತದೆ.
ಒಳನಾಡಿನವರು ತುಳಿದು, ಸೋಸಿ, ಹಬ್ಬ ಮಾಡಿ ಮಲಗಿದರೂ
ನಮ್ಮದಿನ್ನೂ ಹುಳಿ. ಸಣ್ಣ ಕಾಳು,
ದಪ್ಪ ತೊಗಲು. ಯಾರನ್ನೂ ಮೆಚ್ಚಿಸುವ ಆತುರವಿಲ್ಲ.

ಯಂತ್ರ ನಿಂತಿತು. ಅದರ ಹಲ್ಲಿಗೆ ಏನೋ ಸಿಕ್ಕಿ ಜಗ್ಗುತ್ತಿತ್ತು.
ಓಡಿಸುತ್ತಿದ್ದ ಹುಡುಗ ಅಡಿಲ್ಸನ್, ಕೇಪ್ ವರ್ಡಿನವನು,
"ಕೇಬಲ್ಲೇನೋ ಅಮ್ಮ, ನಕ್ಷೆಯಲ್ಲಿ ಇಲ್ಲ" ಎಂದ.
ಕೇಬಲ್ಲಲ್ಲ ಕಣಪ್ಪ.
ಐವತ್ತು ವರ್ಷ ಇದರ ತುದಿ ಕತ್ತರಿಸಿದ್ದೇನೆ,
ಇದನ್ನು ಕಂಡದ್ದು ಇವತ್ತು.

ಇಳಿಯುವ ಮುಂಚೆ ಹುಡುಗ
ಹಳದಿ ಹೆಲ್ಮೆಟ್ಟನ್ನು ತಲೆಗೆ ಒತ್ತಿಕೊಂಡ.
ನಾನು ಏನೂ ಹೇಳಲಿಲ್ಲ.

ಅವನ ಅಳತೆಪಟ್ಟಿಯ ಒಂದು ತುದಿ ಅವನು, ಒಂದು ತುದಿ ನಾನು.
ನಾಲ್ಕು ಮೀಟರ್ ಎಪ್ಪತ್ತು.
ಬೇರೋ ಕಾಂಡವೋ, ಯಾವುದು ಎಲ್ಲಿ ಮುಗಿಯಿತೆಂದು
ಅದಕ್ಕೂ ಗೊತ್ತಿದ್ದಂತಿಲ್ಲ.
ಬುಡದ ಜೇಡಿ ಮುಟ್ಟಿದರೆ ಒದ್ದೆ.
ಏಪ್ರಿಲಿನಿಂದ ಹನಿ ಮಳೆ ಬಿದ್ದಿಲ್ಲ.

ಹೋದ ವರ್ಷದ್ದನ್ನು ಪೀಪಾಯಿಯಿಂದ ಬಗ್ಗಿಸಿ ಕೊಟ್ಟೆ.
ಮುಖ ಕಿವುಚಿದ. ಬಾಯೊಳಗೆ ಒಂದು ಸುತ್ತು ಹಾಕಿ,
"ಉಪ್ಪಿದೆ. ನಮ್ಮಜ್ಜಿ ಫೋಗೊ ದ್ವೀಪದಲ್ಲಿ
ಬೆಂಕಿಬೆಟ್ಟದ ಬೂದಿಯಲ್ಲಿ ಹಬ್ಬಿಸುತ್ತಾಳೆ.
ಇಷ್ಟು ಸಿಟ್ಟಿಲ್ಲ ಅದಕ್ಕೆ."
ಐದು ವರ್ಷ ಬಿಟ್ಟು ಬಾ, ಇಳಿದಿರುತ್ತದೆ ಎಂದೆ.
ಆಗ ಆ ಕಿಟಕಿಗೆ ಪರದೆ ಬಂದಿರುತ್ತದೆ.

ಬಳ್ಳಿಯನ್ನು ಹೆಗಲಿಗೆ ಸುತ್ತಿ ಮನೆಗೆ ತಂದೆ,
ದಾರಿಯುದ್ದ ಮರಳು ಉದುರಿಸಿತು.
ಎರಡು ಕಣ್ಣುಗಳಲ್ಲಿ ಇನ್ನೂ ಜೀವ ಇದೆ.
ಬೇಲಿಯ ಈಚೆ ಅಗೆಯಬೇಕು. ಆದರೆ ಅಜ್ಜನ ಬುಟ್ಟಿಯಲ್ಲಿ
ಕೋಳಿ ಕಾವಿಗೆ ಕೂತಿದೆ,
ಇನ್ನೂ ಹದಿನೇಳು ದಿನ ಎಬ್ಬಿಸುವ ಹಾಗಿಲ್ಲ.