ಜೀಪು ನಿಂತ ಜಾಗಗಳು

ಶ್ಕೊಡರ್ ಊರಿನ ಈ ಕೋಣೆಯ ಗೋಡೆಗೆ
ನೀವು ನೋಡುತ್ತಿರುವ ನಕ್ಷೆ
ಮಿರ್ಲಿಂದಾ ಮೇಡಂ ಬರೆದದ್ದು. ಚುಕ್ಕಿ ಹದಿಮೂರು.
ಒಂದೊಂದು ಚುಕ್ಕಿಯೂ ಒಂದು ಅಪರೂಪದ ಹುಳುವಿನ ವಿಳಾಸ
ಎನ್ನುತ್ತಾರೆ ಅವರು.
ನಾನು ಅವರ ಡ್ರೈವರು. ನನ್ನ ಕಣ್ಣಿಗೆ
ಅವೆಲ್ಲ ನನ್ನ ಜೀಪು ನಿಂತ ಜಾಗಗಳು.

ಇದು, ಟೈರು ಒಡೆದು ಎರಡು ತಾಸು ಕೂತ ತಿರುವು:
ಸುಮ್ಮನಿರಲಾರದೆ ತೊರೆಗಿಳಿದರು, ಸಿಕ್ಕಿತು.
ಇದು ವೆರ್ಮೋಷ್ ಹಾದಿಯಲ್ಲಿ ಕಾಫಿಯಂಗಡಿ ಪಕ್ಕದ ಸೇತುವೆ.
ಈ ಮೂರು ಒಂದೇ ದಿನದವು, ಡೀಸೆಲ್ಲು ತುಂಬಿದ್ದಾಗ.
ಅಗೋ ಅಲ್ಲಿ, ಉತ್ತರಕ್ಕೆ, ಅಂಗೈಯಗಲ ಬಿಳಿ ಉಳಿದಿದೆಯಲ್ಲ,
ಅಲ್ಲಿ ಹುಳುವಿಲ್ಲವೆಂದಲ್ಲ.
ದಾರಿಯಿಲ್ಲ.

ಹುಳುವಾದರೂ ಏನು ಮಹಾ! ಅಕ್ಕಿಕಾಳಿಗಿಂತ ಚಿಕ್ಕದು.
ಮರಳಿನ ಹರಳು ಒಂದೊಂದೇ ಆಯ್ದು
ಬಾಯಿಂದ ಬಿಟ್ಟ ನೂಲಲ್ಲಿ ಹೊಲಿದು
ಮೈಗೊಂದು ಕೊಳವೆ ಕಟ್ಟಿಕೊಳ್ಳುತ್ತದೆ,
ಮನೆ ಎಳೆದುಕೊಂಡೇ ತೆವಳುತ್ತದೆ ಹರಿವಿಗೆ ಎದುರಾಗಿ.
ರೆಕ್ಕೆ ಬಂದಮೇಲೆ ಹೆಚ್ಚೆಂದರೆ ಎರಡು ವಾರ.
ನೀರು ತುಸು ಬೆಚ್ಚಗಾದರೂ ತಾಳದು.
ಹೆಸರು ಲ್ಯಾಟಿನ್ನಿನಲ್ಲಿದೆ, ನನ್ನ ನಾಲಿಗೆಗೆ ಒಗ್ಗದು.

ಹೋದ ಜೂನಿನಲ್ಲಿ ಆಕ್ಸಲ್ ಮುರಿಯಿತು.
ಕುರಿ ಹೊಡೆದುಕೊಂಡು ಮೇಲೆ ಹೊರಟಿದ್ದ ಮುದುಕಿ ಪ್ರೆಂಡಾ
ನಮ್ಮ ಬಿಳಿ ತಟ್ಟೆಯೊಳಗೆ ಇಣುಕಿ ನಕ್ಕಳು:
"ಇದಕ್ಕೋಸ್ಕರ ಅಷ್ಟು ದೂರದಿಂದ ಬಂದಿರಾ?
ಇವನು ನೀರಿನ ಗಾರೆಯವನು. ಇವನಿದ್ದ ಕಡೆ
ಕಣ್ಣು ಮುಚ್ಚಿ ಕುಡಿ ಅನ್ನುತ್ತಿದ್ದಳು ನಮ್ಮತ್ತೆ.
ನಮ್ಮ ಬೇಸಿಗೆ ದೊಡ್ಡಿಯ ಬುಗ್ಗೆಯಲ್ಲಿ ಕಲ್ಲಿಗೆ ಹತ್ತು."

ಮೂರೂವರೆ ತಾಸು ಹತ್ತಿದೆವು. ಮೊದಲ ಸಲ, ನಾನೂ.
ಮೇಡಂ ಮಂಡಿಯೂರಿ ಒಂದು ಕಲ್ಲು ಮಗುಚಿದರು.
ಆಮೇಲೆ ಬಹಳ ಹೊತ್ತು ಮಾತಾಡಲಿಲ್ಲ.
ನಾನೇ ಎಣಿಸಿದೆ: ಹನ್ನೊಂದು.

ಇಳಿಯುವಾಗ ಕಂಡವು ಕಣಿವೆಯಲ್ಲಿ ಕರೀ ಕೊಳವೆಗಳು,
ಆಳು ಬಗ್ಗದೆ ನಡೆದುಹೋಗುವಷ್ಟು ದೊಡ್ಡವು, ಸಾಲಾಗಿ ಮಲಗಿ.
ತೊರೆಯನ್ನು ಅದರೊಳಗೆ ನೂಕಿ ಕರೆಂಟು ತೆಗೆಯುತ್ತಾರಂತೆ.
ಕಂಪನಿಯವರ ಹತ್ತಿರವೂ ಇದೆ ನಕ್ಷೆ.
ಅದರಲ್ಲಿ ಆ ಬುಗ್ಗೆಯೆಂದರೆ
ಸೆಕೆಂಡಿಗೆ ಇಷ್ಟು ಲೀಟರು, ಅಷ್ಟೆ.

ಒಂದು ಚುಕ್ಕಿ ಬಿದ್ದರೆ ಕೋರ್ಟಿನಲ್ಲಿ ತಡೆಯಬಹುದು ಎಂದರು ಮೇಡಂ.
"ಚುಕ್ಕಿಯ ಹಿಂದೆಯೇ ದಾರಿ ಬರುತ್ತದಲ್ಲ, ಮಗಳೇ?"
ಎಂದ ಪ್ರೆಂಡಾ ಇಬ್ಬರಿಗೂ ಚೀಸು ಮುರಿದುಕೊಟ್ಟಳು.
ಉಪ್ಪು ಜಾಸ್ತಿಯಿತ್ತು. ತಿಂದೆವು.

ಇನ್ನೂ ಹದಿಮೂರೇ ಇವೆ, ನೋಡಿ.
ಬಿಳಿಯ ನಡುವೆ ಪೆನ್ಸಿಲ್ಲಿನದೊಂದು ಗುರುತು,
ಕನ್ನಡಕ ಹಾಕಿಕೊಂಡರೆ ಕಂಡೀತು:
ಒಂದು ವಾರ ಬರೆಯುತ್ತಾರೆ, ಮುಂದಿನ ವಾರ ಉಜ್ಜುತ್ತಾರೆ.
ಉಜ್ಜಿ ಉಜ್ಜಿ ಕಾಗದ ಅಲ್ಲಿ ತೆಳ್ಳಗಾಗಿದೆ.
ಬೆರಳಿಡಬೇಡಿ,
ಹರಿದೀತು.