ನೆಲಾ ಕಾಸೂದು

ಮೊದಲ ಜಾಗಾ ನೋಡಬೇಕು.
ಹಳ್ಳದ ದಂಡಿ ಬ್ಯಾಡ. ಥಂಡಿ ನೀರಿನಂಗ
ಇಳಿಜಾರ ಹಿಡದ ಬರತೈತಿ, ತೆಗ್ಗಿನ್ಯಾಗ ನಿಂದರತೈತಿ.
ದಿನ್ನಿ ಮ್ಯಾಲೂ ಬ್ಯಾಡ, ಅಲ್ಲಿ ಗಾಳಿ.
ನಡುವ, ಒಡ್ಡಿನ ಮಗ್ಗಲಕ,
ಕುರಿ ತಾವಾಗೇ ಎಲ್ಲಿ ಕೂಡತಾವೋ ಅಲ್ಲಿ.
ಕುರಿಗಿ ಕೇಳು, ಮಂದಿಗಿ ಕೇಳಬ್ಯಾಡ
ಅಂತಿದ್ದಳು ನಮ್ಮತ್ತಿ ಬಾಳವ್ವ.

ಆಮ್ಯಾಲ ಬೆಂಕಿ.
ತೊಗರಿ ಕಟಗಿ ಲಗೂ ಹತ್ತತೈತಿ, ಲಗೂ ಆರತೈತಿ,
ಅದರ ನಡುವ ಒಂದ ಜಾಲಿ ಬೊಡ್ಡಿ ಇಡು.
ಬೆಂಕಿ ಮುಂದ ಕುಂತ ಮಾರಿ ಕಾಸಿಕೊಳ್ಳಾಂವ ಹುಚ್ಚ,
ಮಾರಿ ಬೇಯತೈತಿ, ಬೆನ್ನ ಸೆಟೀತೈತಿ.
ಕಾಸೂದು ನಮ್ಮನ್ನಲ್ಲ,
ನೆಲಾನ್ನ.
ಒಂದಾಳುದ್ದ ಬೆಂಕಿ ಹರವು,
ಎರಡ ತಾಸ ಉರೀಲಿ,
ಕೆಂಡ, ಬೂದಿ ಬಳದ ಅತ್ತಾಗ ಸರಸು,
ಮ್ಯಾಲ ನಾಕ ಬಟ್ಟ ಮಣ್ಣ ಎಳಿ,
ಮಣ್ಣಿನ ಮ್ಯಾಲ ಕಣಕಿ, ಕಣಕಿ ಮ್ಯಾಲ ಕಂಬಳಿ,
ಕಂಬಳಿ ಮ್ಯಾಲ ನೀನು.
ಬೆಳ್ಳಿ ಮೂಡೂತನಾ ನೆಲಾ ನಿನ್ನ ಬೆನ್ನಿಗಿ
ಉಸರ ಬಿಡತೈತಿ, ಮಲಗಿದ ಎಮ್ಮಿಯಂಗ.

ಆ ವರ್ಷ ಸಂಖದ ಹಾದಿಗಿ
ದ್ರಾಕ್ಷಿ ತ್ವಾಟದ ಬಾಜೂಕ ಹಟ್ಟಿ ಹಾಕಿದ್ದಿವಿ.
ನೂರಾ ನಲವತ್ತ ಕುರಿ, ಮಾಡಗ್ಯಾಳದ ಗಿಣಿಮೂಗಿನವು,
ರಾತ್ರಿಗಿ ಇಷ್ಟ ಜ್ವಾಳ ಅಂತ ಮಾತು.
ತ್ವಾಟದ ರಾವಸಾಬ ಗಾಡಿ ತಗೊಂಡ ಬಂದ.
ಕಾಚ ಪೂರಾ ಇಳಸಲಿಲ್ಲ, ಎರಡ ಬಟ್ಟ ಇಳಸಿದ,
ಆ ಸಂದ್ಯಾಗ ಮೊಬೈಲ ತೋರಿಸಿದ. ಐದು.
ಐದು ಅಂದರ? ಅಂದ ಅಮೋಗಿ.
ಐದ ಡಿಗ್ರಿ ಮಾರಾಯಾ. ದ್ರಾಕ್ಷಿ ಸೀಳತಾವು ಈ ಥಂಡಿಗಿ.
ಸಾಲ ಸಾಲಿಗಿ ಬೆಂಕಿ ಹಾಕಸಾಕತ್ತೀನಿ,
ಹೊಗಿಗಿ ನಿಮ್ಮ ಕುರಿ ಬೆದರಿ ಒಳಗ ನುಗ್ಗಿಗಿಗ್ಗ್ಯಾವು.
ನಿಮಗ ಹೆಂಗ, ಅಂತ ಕೇಳಲಿಲ್ಲ.
ಕೇಳಿದ್ದರ ನಾವರೆ ಏನ ಹೇಳತಿದ್ದಿವಿ?
ಕಾಚ ಏರಿತು.

ಕಟಗಿ ಇದ್ದದ್ದ ಅಷ್ಟ. ಮೂರ ಮಂದಿಗಿ
ದಿನಾ ಒಬ್ಬರಿಗಿ ಕಾಸಿದ ನೆಲಾ, ಪಾಳಿಮ್ಯಾಲ.
ಅವತ್ತ ನಂದು.
ಇನ್ನ ಬೆನ್ನ ಹಚ್ಚಿದ್ದಿಲ್ಲ, ಕುರಿ ನರಳಿತು.
ಕಂದೀಲ ಹಿಡದ ಹೋದರ ಅವಳಿ.
ಮೊದಲಿನದು ಬಿತ್ತು, ಎದ್ದಿತು, ಮತ್ತ ಬಿತ್ತು, ಮಲಿ ಹುಡಕಿತು.
ಎರಡನೇದು ಬಿದ್ದಲ್ಲೇ ಬಿದ್ದಿತ್ತು,
ಮೈಮ್ಯಾಲಿನ ಹಸಿ ಆಗಲೇ ತಣ್ಣಗ.
ಮೂಗಿನ್ಯಾಗ ಊದಿದೆ. ಬಾಯಾಗ ಉಪ್ಪ ಉಪ್ಪ ಬಂತು.
ಗ್ವಾಣಿಚೀಲದಿಂದ ತಿಕ್ಕಿದೆ, ಬೈದೆ,
ನಮ್ಮವ್ವನ ಹೆಸರ ತಗೊಂಡ ಬೈದೆ,
ಒಮ್ಮಿ ಕೆಮ್ಮಿತು.
ಒಯ್ದ ನನ್ನ ಜಾಗಾದಾಗ ಇಟ್ಟೆ,
ನಡುವ ಇಟ್ಟೆ, ನೆಲಾ ಬಿಸಿ ಇದ್ದಲ್ಲಿ,
ಮ್ಯಾಲ ನನ್ನ ಕಂಬಳಿ ಮುಚ್ಚಿದೆ.

ಆಮ್ಯಾಲ ನಿಂತೆ. ನಿಂತರ ಥಂಡಿ ಕಾಲಾಗಿಂದ ಏರತೈತಿ,
ಅದಕ್ಕ ತಿರಗಿದೆ, ಬಲಿ ಸುತ್ತ, ಎಣಸಕೋತ.
ಅತ್ತ ಕಡಿ ತ್ವಾಳ ಬಂದಾವು ಅಂತ ಅಮೋಗಿ ಕೂಗ ಹೊಡೀತಿದ್ದ,
ಬಾಯಿಂದ ಬರೇ ಹೊಗಿ ಕಾಣತಿತ್ತು.
ಅರವತ್ತ ಸುತ್ತ ಆದ ಮ್ಯಾಲ ಹಲ್ಲಿನ ಸಪ್ಪಳಕ್ಕ ಎಣಿಕಿ ತಪ್ಪಿತು.

ಪಾಳಿ ಹೋತಲ್ಲ ನಿಂದು,
ಅಂದಳು ಬಾಳವ್ವ ಕತ್ತಲಿಂದ.
ಹೋತು, ಅಂದೆ.
ಹುಣಸಿಬೀಜದ ಗಂಜಿ ಕುಡದ ಕಂಬಳಿ ಆಕಿದು,
ಅಂಚ ಎತ್ತಿದರ ಕದಾ ತಗದಂಗ ಸಪ್ಪಳಾತು.
ಹೊಕ್ಕೆ. ಮದಿವ್ಯಾಗಿ ಒಂಬತ್ತ ವರ್ಷಕ್ಕ
ಆಕಿ ಮೈ ಮೊದಲನೇ ಸಲ ಮುಟ್ಟಿದ್ದು.
ಪಾದ ಏನವ್ವ ಇವು, ಹಾವು! ಅಂದಳು,
ಆದರ ಕಾಲ ಸರಸಲಿಲ್ಲ.

ಮುಂಜಾನೆ ಕುರಿ ಬೆನ್ನಮ್ಯಾಲ ಇಬ್ಬನಿ ಬೆಳ್ಳಗ,
ತ್ವಾಟದ ಹೊಗಿ ಎದ್ದ ಹೋಗಲಾರದ ನೆಲಾ ಹಿಡದಿತ್ತು.
ದ್ರಾಕ್ಷಿ ಉಳದಾವೋ ಸೀಳ್ಯಾವೋ, ನಾವು ಕೇಳಲಿಲ್ಲ.
ಮರಿ ನನ್ನ ಹಾಸಗ್ಯಾಗ ಉಚ್ಚಿ ಹೊಯ್ದ
ನಾಕೂ ಕಾಲ ಊರಿ ನಿಂತಿತ್ತು.

ಬಾಳವ್ವ ಹೋಗಿ ಮೂರ ಚಳಿಗಾಲ ಆತು.
ಈಗ ಬೆಂಕಿ ಹರವೂದು ನಾನ.
ಒಂದಾಳುದ್ದಕ್ಕಿಂತ ಎರಡ ಗೇಣ ಹೆಚ್ಚ ಹರವತೀನಿ,
ಯಾಕ ಅಂತ ಹೇಳಾಕ ಬರೂದಿಲ್ಲ.
ಕಟಗಿ ದಂಡ, ಅಂತಾನ ಅಮೋಗಿ.